ಜಡಿಮಳೆಯಲ್ಲಿ ಕೂತು ದೀಪಾವಳಿ ಬರೆಯುವುದು

ದೀಪಾವಳಿಯ ಪ್ರೇಮಕಥೆಯನ್ನು ನಾನು ಬರೆಯುವುದು ಜುಲೈ ತಿಂಗಳಲ್ಲಿ. ಹೊಸನಗರ ತಾಲೂಕಿನ ನಮ್ಮೂರಲ್ಲಿ ಆಗ ಅಂಗಳಕ್ಕೆ ಕಾಲಿಡುವ ಹಾಗಿರುವುದಿಲ್ಲ. ಹುಲಿಕಲ್, ಮಾಸ್ತಿಕಟ್ಟೆ ಕಡೆ ಎಷ್ಟು ಮಳೆ ಬಿತ್ತು ಅಂತ ಪೇಪರಿನಲ್ಲಿ ನೋಡುತ್ತೇವೆ, ಪೇಪರ್ ಬಂದರೆ. ಬಟ್ಟೆ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಇವರ ಪಂಚೆ, ನನ್ನ ಸೀರೆ, ಪಕ್ಕದಲ್ಲೇ ಕ್ಲಿಪ್ ಹಾಕಿ ನೇತುಬಿಟ್ಟ ನನ್ನ ಹಾಳೆಗಳು. ತಂಡಿ ಹಿಡಿದ ಹಾಳೆಯಲ್ಲಿ ಶಾಯಿ ಹರಡುತ್ತದೆ. ಹಾಗಾಗಿ ಮೊದಲು ಹಾಳೆ ಒಣಗಿಸಬೇಕು, ಆಮೇಲೆ ಬರೆಯಬೇಕು. ಹಾಗೆ ಒಣಗಿಸಿದ ಹಾಳೆಯ ಮೇಲೆ "ಅಂಗಳದ ತುಂಬ ಹಣತೆ" ಅಂತ ಬರೆಯುತ್ತೇನೆ. ನಿಜವಾಗಿ ಅಂಗಳದ ತುಂಬ ಇರುವುದು ಪಾಚಿ. ಜಾರಿ ಬೀಳಬಾರದು ಅಂತ ಅಡಿಕೆ ದಬ್ಬೆ ಹಾಸಿರುತ್ತೇವೆ.

ವಿಶೇಷಾಂಕದ ಲೆಕ್ಕವೇ ಹಾಗೆ. ಹಬ್ಬಕ್ಕೆ ಮೊದಲೇ ಸಂಚಿಕೆ ಅಂಗಡಿಯಲ್ಲಿರಬೇಕು. ಅದಕ್ಕೂ ಮೊದಲು ಚಿತ್ರ ಬರೆಸಬೇಕು, ಪುಟ ಕಟ್ಟಬೇಕು, ಅಚ್ಚಾಗಬೇಕು. ಆದ್ದರಿಂದ ಸಂಪಾದಕರ ಫೋನ್ ಬರುವುದು ಆಷಾಢದಲ್ಲಿ. "ಮೇಡಂ, ಎರಡು ಸಾವಿರ ಪದ. ಹಬ್ಬದ ವಾತಾವರಣ ಇರಲಿ. ಕೊನೇಲಿ ಅಳಿಸಬೇಡಿ." ಹಾಗೇ ಯುಗಾದಿಯ ಮಾವಿನ ಚಿಗುರನ್ನು ಬರೆಯುವುದು ಅಡಿಕೆ ಕೊಯ್ಲಿನ ಚಳಿಯಲ್ಲಿ. ಹದಿನಾರು ವರ್ಷದಿಂದ ಇದೇ ಆಗಿದೆ. ಹಬ್ಬದ ದಿನ ಯಾರಾದರೂ "ಹಬ್ಬ ಜೋರಾ?" ಅಂದರೆ ಒಂದು ಕ್ಷಣ ಯಾವ ಹಬ್ಬ ಅಂತ ಯೋಚಿಸಬೇಕಾಗುತ್ತದೆ.

ಬರೆಯೋಕೆ ಶುರು ಮಾಡಿದ್ದು ಮೂವತ್ತೆಂಟನೇ ವಯಸ್ಸಿಗೆ. ತಡವಾಯ್ತು ಅನ್ನಿಸಿದಾಗಲೆಲ್ಲ ಪಕ್ಕದ ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರನ್ನು ನೆನೆಸಿಕೊಳ್ಳುತ್ತಿದ್ದೆ. ಅವರ ಮೊದಲ ಕಾದಂಬರಿ ಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ಅವರ ಎತ್ತರ ನನ್ನದಲ್ಲ ಬಿಡಿ. ವಯಸ್ಸಿನ ಲೆಕ್ಕದಲ್ಲಾದರೂ ಮುಂದಿದ್ದೇನಲ್ಲ ಅಂತ ಸಮಾಧಾನ.

ಮೊದಮೊದಲು ಒಂದು ದೊಡ್ಡ ಎಡವಟ್ಟು ಮಾಡಿದ್ದೆ. ವಿಶೇಷಾಂಕಕ್ಕೆ ಬರೆದ ಎರಡನೇ ಕಥೆ ಅದು. ನಾಯಕಿ ಲಕ್ಷ್ಮೀಪೂಜೆ ಮುಗಿಸಿ ಹಿತ್ತಿಲಿಗೆ ಬರುತ್ತಾಳೆ. ಬಾವಿಕಟ್ಟೆ ಹತ್ತಿರ ನಾಯಕ ನಿಂತಿದ್ದಾನೆ. ಬೆಳದಿಂಗಳಲ್ಲಿ ಅವನ ಮುಖ ಹೊಳೆಯುತ್ತಿದೆ. ಬರೆಯುವಾಗ ನನಗೇ ಮೈ ಜುಮ್ಮೆಂದಿತ್ತು. ಸಂಪಾದಕರು ಓದಿದರು, ಕರಡು ತಿದ್ದುವವರು ಓದಿದರು. ಚಿತ್ರ ಬರೆದವರು ಬಾವಿಕಟ್ಟೆಯ ಮೇಲೆ ದುಂಡನೆಯ ಚಂದ್ರನನ್ನೂ ಬರೆದರು. ಹಬ್ಬ ಕಳೆದು ವಾರಕ್ಕೆ ಒಂದು ಅಂಚೆ ಕಾರ್ಡು ಬಂತು. ಸಾಗರದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರದು. ಕಥೆ ಚೆನ್ನಾಗಿದೆ ಅಂತ ಒಂದು ಸಾಲು. ಎರಡನೇ ಸಾಲು ಹೀಗಿತ್ತು: "ಅಮಾವಾಸ್ಯೆ ರಾತ್ರಿ ನಿಮ್ಮೂರಲ್ಲಿ ಚಂದ್ರ ಬರುತ್ತಾನೆಯೇ?"

ನಾಚಿಕೆಯಿಂದ ಎರಡು ದಿನ ಯಾರಿಗೂ ತೋರಿಸಲಿಲ್ಲ. ಆ ಕಾರ್ಡು ಈಗ ಅಡುಗೆಮನೆಯ ಬೀರುವಿನ ಬಾಗಿಲ ಒಳಗಡೆ ಅಂಟಿಕೊಂಡಿದೆ. ಸಕ್ಕರೆ ಡಬ್ಬ ತೆಗೆಯುವಾಗಲೆಲ್ಲ ಮೇಷ್ಟ್ರು ಕೇಳುತ್ತಾರೆ. ಪ್ರೇಮ ಅಂದ ಕೂಡಲೇ ಕೈ ತಾನಾಗಿ ಬೆಳದಿಂಗಳು ಬರೆಯುತ್ತದೆ, ಅಲ್ವಾ? ನಮ್ಮ ಕಸುಬಿನ ದೊಡ್ಡ ಕಾಯಿಲೆ ಅದು. ಹುಟ್ಟಿದಾಗಿನಿಂದ ಕತ್ತಲೆಯ ದೀಪಾವಳಿಯನ್ನೇ ನೋಡಿದವಳು ನಾನು. ಬರೆಯೋಕೆ ಕೂತಾಗ ನೋಡಿದ್ದು ಮರೆತುಹೋಗಿ ಓದಿದ್ದು ಬಂದುಬಿಟ್ಟಿತ್ತು.

ಆಮೇಲೆ ಪಂಚಾಂಗ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತೇನೆ. ಚತುರ್ದಶಿ, ಅಮಾವಾಸ್ಯೆ, ಪಾಡ್ಯ ಮೂರೂ ರಾತ್ರಿ ಚಂದ್ರನನ್ನು ನಂಬುವ ಹಾಗಿಲ್ಲ. ಬಿದಿಗೆಗೆ ಗೆರೆಯಷ್ಟು ಕಂಡರೂ ಬೇಗ ಮುಳುಗುತ್ತಾನೆ. ಹಾಗಾದರೆ ನಾಯಕಿಗೆ ನಾಯಕನ ಮುಖ ಕಾಣುವುದು ಹೇಗೆ? ಒಂದು ರಾತ್ರಿ ಇವರನ್ನೇ ಅಂಗಳದಲ್ಲಿ ನಿಲ್ಲಿಸಿ ಹಣತೆ ಹಿಡಿದು ನೋಡಿದೆ. ಹಣತೆಯ ಬೆಳಕು ಕೆಳಗಿನಿಂದ ಬೀಳುತ್ತದೆ. ಗದ್ದ ಕಾಣುತ್ತದೆ, ಮೂಗಿನ ಹೊಳ್ಳೆ ಕಾಣುತ್ತದೆ. ಕಣ್ಣು ಕತ್ತಲೆಯಲ್ಲೇ ಉಳಿಯುತ್ತದೆ. ಮನುಷ್ಯ ಬಗ್ಗಿದರೆ ಮಾತ್ರ ಪೂರ್ತಿ ಮುಖ. "ಎಂತ ಮಾರಾಯ್ತಿ, ಗಡ್ಡ ಸುಡ್ತೀಯಾ?" ಅಂದರು ಇವರು. ಆದರೆ ನನಗೆ ಬೇಕಾದದ್ದು ಸಿಕ್ಕಿತ್ತು. ಅಂದಿನಿಂದ ನನ್ನ ದೀಪಾವಳಿ ಕಥೆಗಳಲ್ಲಿ ಯಾರಾದರೊಬ್ಬರು ಏನಾದರೊಂದು ಕಾರಣಕ್ಕೆ ದೀಪದ ಹತ್ತಿರ ಬಗ್ಗುತ್ತಾರೆ. ಬತ್ತಿ ಸರಿಮಾಡಲು, ಬಿದ್ದ ಹೂ ಎತ್ತಿಕೊಳ್ಳಲು, ಕರುವಿನ ಹಗ್ಗ ಬಿಡಿಸಲು.

ಬೆಳದಿಂಗಳೇ ಬೇಕು ಅಂತ ಹಟ ಇದ್ದರೆ ನಮ್ಮಲ್ಲಿ ಭೂಮಿ ಹುಣ್ಣಿಮೆ ಇದೆ. ದೀಪಾವಳಿಗೆ ಹದಿನೈದು ಹದಿನಾರು ದಿನ ಮೊದಲು ಬರುತ್ತದೆ. ಆಗ ಭತ್ತ ಹೊಡೆ ಕಟ್ಟಿರುತ್ತದೆ. ಭೂಮಿ ತಾಯಿ ಬಸುರಿ, ಅವಳಿಗೆ ಬಯಕೆ ಊಟ ಹಾಕಬೇಕು. ಹಿಂದಿನ ರಾತ್ರಿಯಿಡೀ ಹೆಂಗಸರು ನಿದ್ದೆ ಬಿಟ್ಟು ಅಡುಗೆ ಮಾಡುತ್ತಾರೆ. ಇಲ್ಲಿನ ದೀವರ ಸಮುದಾಯದ ಮನೆಗಳಲ್ಲಿ ಆ ಅಡುಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದಿಟ್ಟಿರುತ್ತಾರೆ. ಬೆಳಗಿನ ಜಾವ ಅದನ್ನು ಹೊತ್ತುಕೊಂಡು ಗದ್ದೆಗೆ ಹೋಗಿ ಚರಗ ಬೀರುತ್ತಾರೆ, ಅಂದರೆ ಅಡುಗೆಯನ್ನು ಗದ್ದೆಗೆ ಎರಚುತ್ತಾರೆ. ಚಂದ್ರ ಪಡುವಣಕ್ಕೆ ಇಳಿದಿರುತ್ತಾನೆ. ಬದುವಿನ ಮೇಲೆ ಇಬ್ಬನಿ. ನಮ್ಮ ಪಕ್ಕದ ಕೇರಿಯ ಗಂಡ ಹೆಂಡತಿ ಒಂದು ವರ್ಷ ಹಾಗೆ ಹೋಗುತ್ತಿದ್ದರು. ಅವನ ತಲೆಯ ಮೇಲೆ ಬುಟ್ಟಿ, ಅವಳ ಕೈಯಲ್ಲಿ ದೀಪ. ಹಿಂದಿನ ವಾರವಷ್ಟೇ ಇಬ್ಬರೂ ಊರಿಗೇ ಕೇಳುವ ಹಾಗೆ ಜಗಳ ಆಡಿದ್ದರು. ಈಗ ಮಾತಿಲ್ಲ. ಬದು ಜಾರುವಲ್ಲಿ ಅವನು ನಿಂತ, ಹಿಂದೆ ತಿರುಗಲಿಲ್ಲ, ಬುಟ್ಟಿ ಇದೆಯಲ್ಲ. ಸುಮ್ನೆ ಒಂದು ಕೈ ಹಿಂದಕ್ಕೆ ಚಾಚಿದ. ಅಷ್ಟೇ.

ಹಾಗಾಗಿ ನನ್ನದೊಂದು ಲೆಕ್ಕ ಇದೆ. ಹೊಸ ಪ್ರೀತಿಗೆ ದೀಪಾವಳಿಯ ಕತ್ತಲೆ. ಮುರಿದ ಸಂಸಾರ ಕೂಡಿಸುವುದಕ್ಕೆ ಭೂಮಿ ಹುಣ್ಣಿಮೆ. ಸಂಪಾದಕರಿಗೆ ಎರಡನೆಯದು ಅಷ್ಟು ಹಿಡಿಸುವುದಿಲ್ಲ. ಮದುವೆಯಾದವರ ಪ್ರೀತಿಗೆ ಚಿತ್ರ ಬರೆಸುವುದು ಕಷ್ಟ ಅನ್ನುತ್ತಾರೆ. ಅಡಿಕೆಗೆ ಬಂದ ಎಲೆಚುಕ್ಕಿ ರೋಗವನ್ನು ಒಂದು ಕಥೆಯಲ್ಲಿ ತಂದಿದ್ದೆ. ನಾಯಕ ಮದುವೆಗೆ ಹಿಂಜರಿಯುವುದಕ್ಕೆ ಅದೇ ಕಾರಣವಾಗಿತ್ತು. ಒಂದು ಪತ್ರಿಕೆಯವರು ಆ ಪ್ಯಾರಾವನ್ನೇ ತೆಗೆದು ಹಾಕಿದರು. ಅಚ್ಚಾದ ಕಥೆಯಲ್ಲಿ ನಾಯಕ ಯಾವ ಕಾರಣವೂ ಇಲ್ಲದೆ ಹಿಂಜರಿಯುತ್ತಾನೆ. ಓದುಗರು ಅವನನ್ನು ಚೆನ್ನಾಗಿ ಬೈದರು, ಪಾಪ.

ಹಬ್ಬದ ತಿಂಗಳಲ್ಲಿ ನಾನು ಬರೆಯುವುದಿಲ್ಲ. ಬರೆಯೋಕೆ ಆಗುವುದಿಲ್ಲ ಅಂತಲೇ ಹೇಳಬೇಕು. ಒಂದು ವರ್ಷ ಹಟ ಮಾಡಿದ್ದೆ. ಧಾರಾವಾಹಿಯ ಐದು ಕಂತು ಬಾಕಿ ಇತ್ತು. ಬೂರೆ ಹಬ್ಬದ ದಿನ, ಅಂದರೆ ದೀಪಾವಳಿಯ ಎಣ್ಣೆಸ್ನಾನದ ಹಿಂದಿನ ದಿನ, ಮನೆಯಲ್ಲಿ ಹಂಡೆ ತೊಳೆದು ನೀರು ತುಂಬುವ ಗಡಿಬಿಡಿ. ನಾನು ಉಪ್ಪರಿಗೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೆಳಗೆ ಪಾತ್ರೆ ಸದ್ದು, ಮಕ್ಕಳ ಕೂಗು, ನಾದಿನಿಯರ ನಗು. ನಾನು ಮಾತ್ರ ನಾಯಕನ ಕಣ್ಣನ್ನು ವರ್ಣಿಸುತ್ತಾ ಕೂತಿದ್ದೆ. ಸಂಜೆ ಕೆಳಗಿಳಿದಾಗ ಅತ್ತೆ ಒಂದೇ ಮಾತು ಕೇಳಿದರು. "ಪ್ರೀತಿ ಬಗ್ಗೆ ಬರೆಯೋಕೆ ಬಾಗಿಲು ಹಾಕ್ಕಂಡು ಕೂತ್ಯನೇ?" ಸಿಟ್ಟು ಬಂತು. ರಾತ್ರಿ ಬರೆದದ್ದನ್ನು ಓದಿ ನೋಡಿದೆ. ಎರಡೂವರೆ ಪುಟ ಕಣ್ಣು. ಬರೀ ಕಣ್ಣು. ಇವನಿಗೆ ಕೈ ಇಲ್ಲವಾ, ಕೆಲಸ ಇಲ್ಲವಾ, ಮನೆಯಲ್ಲಿ ಯಾರೂ ಇವನನ್ನು ಕರೆಯುವುದಿಲ್ಲವಾ ಅನ್ನಿಸಿತು. ಹರಿದು ಬಚ್ಚಲೊಲೆಗೆ ಹಾಕಿದೆ. ಮಾರನೇ ದಿನದ ಎಣ್ಣೆಸ್ನಾನದ ನೀರು ಅದರಲ್ಲೇ ಕಾಯ್ದಿದ್ದು.

ಈಗ ಹಾಲಿನ ಲೆಕ್ಕದ ಪುಸ್ತಕವೇ ನನ್ನ ಪುಸ್ತಕ. ಅಡುಗೆಮನೆ ಬಾಗಿಲ ಮೊಳೆಗೆ ನೇತುಹಾಕಿದೆ, ದಾರ ಕಟ್ಟಿದ ಪೆನ್ಸಿಲ್ ಇದೆ. ಪೆನ್ ಬೇಡ, ಒದ್ದೆ ಕೈಗೆ ಆಗುವುದಿಲ್ಲ. ಮುಂದಿನಿಂದ ಹಾಲು, ಹಿಂದಿನಿಂದ ಕಥೆ. ಒಂದು ಸಂಗತಿಗೆ ಒಂದೇ ಸಾಲು. ಕೆಲವು ಹೀಗಿವೆ:

"ಅರಿಶಿನ ಎಲೆ ಕಡುಬು ಬಿಚ್ಚುವಾಗ ಹೊಸ ಅಳಿಯನ ಕನ್ನಡಕಕ್ಕೆ ಹಬೆ. ಒರೆಸಿಕೊಳ್ಳಲು ನಾಚಿಕೆ. ಕುರುಡನ ಹಾಗೆ ಉಂಡ."

"ಬೆಂಗಳೂರು ಬಸ್ಸಿಳಿದ ಹುಡುಗಿ ಮೊದಲು ನಾಯಿಯನ್ನು ಮಾತಾಡಿಸಿದಳು."

"ಹೊಸ ಶರ್ಟು ಹಾಕಿದರೂ ಉಗುರಿನ ಸಂದಿಯಲ್ಲಿ ಅಡಿಕೆಯ ಕಪ್ಪು. ಕೈ ಬೆನ್ನ ಹಿಂದೆ."

"ಗೋಪೂಜೆಯಲ್ಲಿ ಮುದಿ ಹಸುವಿಗೇ ದೊಡ್ಡ ಹಾರ. ಮಾವ ಸುಮ್ಮನೆ ಕೊಂಬು ಸವರುತ್ತಾ ನಿಂತರು."

ಇದರಲ್ಲಿ ಯಾವುದು ಕಥೆಯಾಗುತ್ತದೆ ಅಂತ ಆಗ ಗೊತ್ತಿರುವುದಿಲ್ಲ. ಮಳೆಗಾಲದಲ್ಲಿ ಓದಿದಾಗ ಅರ್ಧಕ್ಕರ್ಧ ಸಾಲು ಏನೂ ಹೇಳುವುದಿಲ್ಲ. "ಮೂರು ಲೋಟ, ನಾಲ್ಕು ಜನ" ಅಂತ ಒಂದಿದೆ. ಎಂತದು ಅಂತ ಇವತ್ತಿಗೂ ನೆನಪಾಗಿಲ್ಲ. ಹಾಲಿನ ಲೆಕ್ಕವೇ ಇರಬಹುದು.

ಹಬ್ಬದಲ್ಲಿ ಇನ್ನೊಂದು ಜಾಗ ಇದೆ. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ತೋಟದ ಮೇಲಿನ ಗುಡ್ಡದಲ್ಲಿ ಒಂದು ಬಂಡೆ ಇದೆ, ಅಲ್ಲಿ ಸಿಗುತ್ತದೆ. ಸಂಪಾದಕರಿಗೆ ಫೈಲ್ ಕಳಿಸಲು ನಾನು ಅಲ್ಲಿಗೇ ಹತ್ತಬೇಕು. ವರ್ಷವಿಡೀ ಅಲ್ಲಿ ನಾನು, ಎರಡು ದನ. ದೀಪಾವಳಿಯ ನಾಲ್ಕು ದಿನ ಮಾತ್ರ ಜಾತ್ರೆ. ಬೆಂಗಳೂರಿನಿಂದ ಬಂದ ಹುಡುಗ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಹತ್ತುತ್ತಾರೆ. ಎಲ್ಲರಿಗೂ ಆಫೀಸಿನ ಕೆಲಸವಂತೆ. ಆಫೀಸಿನ ಕೆಲಸಕ್ಕೆ ಯಾರು ಅಷ್ಟು ಮೆತ್ತಗೆ ಮಾತಾಡುತ್ತಾರೆ? ನನ್ನನ್ನು ಕಂಡರೆ ದನಿ ಇನ್ನೂ ಇಳಿಸುತ್ತಾರೆ. ಪ್ರೇಮಕಥೆ ಬರೆಯುವವಳು ಅಂತ ಗೊತ್ತಲ್ಲ. ನಾನೂ ಬಂಡೆಯ ಆಚೆ ಬದಿಗೆ ಹೋಗಿ ನಿಲ್ಲುತ್ತೇನೆ. ಕದ್ದು ಕೇಳುವುದಿಲ್ಲ. ಗಾಳಿ ನನ್ನ ಕಡೆ ಬೀಸಿದರೆ ಅದು ಗಾಳಿಯ ತಪ್ಪು.

ನನ್ನ ಮೊದಲ ಓದುಗರು ಓದು ಬಾರದವರು. ಹಬ್ಬದ ಸುತ್ತಮುತ್ತಲೇ ಕೊಯ್ಲು ಶುರುವಾಗುತ್ತಿತ್ತು. ಅಡಿಕೆ ಕೊನೆ ಇಳಿಸಿದ ದಿನ ರಾತ್ರಿ ಚಪ್ಪರದಡಿ ಹತ್ತು ಹನ್ನೆರಡು ಹೆಂಗಸರು ಮೆಟ್ಟುಕತ್ತಿ ಇಟ್ಟುಕೊಂಡು ಸುಲಿಯಲು ಕೂರುತ್ತಿದ್ದರು. ನಿದ್ದೆ ಬರಬಾರದು ಅಂತ ಯಾರಾದರೂ ಕಥೆ ಹೇಳಬೇಕು. ನಾನು ಬರೆಯಬೇಕೆಂದಿದ್ದ ಕಂತನ್ನು ಅಲ್ಲಿ ಬಾಯಲ್ಲಿ ಹೇಳುತ್ತಿದ್ದೆ. ಮೆಟ್ಟುಕತ್ತಿಗೆ ಅಡಿಕೆ ಒತ್ತಿದಾಗ ಚರಕ್ ಅಂತ ಒಂದು ಸದ್ದು, ಬುಟ್ಟಿಗೆ ಬಿದ್ದಾಗ ಟಕ್ ಅಂತ ಇನ್ನೊಂದು. ಹನ್ನೆರಡು ಜನ ಸೇರಿದರೆ ಮಳೆ ಹುಯ್ದ ಹಾಗೆ ಕೇಳುತ್ತದೆ. ಕಥೆ ಸಪ್ಪೆಯಾದರೆ ಆ ಮಳೆ ಒಂದೇ ಸಮ ಹುಯ್ಯುತ್ತಲೇ ಇರುತ್ತದೆ. ಕಥೆ ಹಿಡಿದರೆ ನಿಧಾನವಾಗುತ್ತದೆ. ಹುಡುಗಿ ಬಾಗಿಲು ತೆಗೆಯುವ ಹೊತ್ತಿಗೆ ಪೂರ್ತಿ ನಿಂತಿತು ಅಂದರೆ ಕಂತನ್ನು ಅಲ್ಲೇ ಮುಗಿಸಬೇಕು. "ಆಮೇಲೆ ಎಂತ ಆತು ಅಮ್ಮ?" ಅನ್ನುತ್ತಿದ್ದರು. ನಾಳೆ ಹೇಳ್ತೀನಿ ಅಂದರೆ ಬೈಗುಳ. ಇವರು ಮಾತ್ರ, "ನಿನ್ನ ಕಥೆಯಿಂದ ರಾತ್ರಿಗೆ ಅರ್ಧ ಕ್ವಿಂಟಲ್ ಕಡಿಮೆ ಸುಲೀತಾರೆ" ಅಂತ ಗೊಣಗುತ್ತಿದ್ದರು. ಈಗ ಸುಲಿಯುವ ಮಷೀನ್ ಬಂದಿದೆ. ಅದಕ್ಕೆ ಕಥೆ ಬೇಡ. ಕಂತು ಎಲ್ಲಿ ನಿಲ್ಲಿಸಬೇಕು ಅಂತ ಈಗ ನಾನೇ ಕಿವಿಗೊಟ್ಟು ಊಹಿಸಬೇಕು. ತಪ್ಪುತ್ತದೆ.

2022ರ ದೀಪಾವಳಿ ವಿಷಯಕ್ಕೆ ಬರುತ್ತೇನೆ. ಆ ವರ್ಷ ಅಕ್ಟೋಬರ್ 25ರ ಅಮಾವಾಸ್ಯೆಗೆ ಸೂರ್ಯಗ್ರಹಣ ಬಿದ್ದು ಹಬ್ಬದ ಅಡುಗೆಯೆಲ್ಲ ಹಿಂದೆ ಮುಂದೆ ಆಗಿತ್ತು. ಮಾರನೇ ದಿನ ಪಾಡ್ಯ. ಬೆಳಿಗ್ಗೆಯಿಂದ ಗೋಪೂಜೆ, ನೆಂಟರು, ಎಲೆಯ ಮೇಲೆ ಎಲೆ. ರಾತ್ರಿ ಹನ್ನೊಂದರ ಹೊತ್ತಿಗೆ ಎಲ್ಲರೂ ಉರುಳಿಕೊಂಡಿದ್ದರು. ಆಗ ಗುಡ್ಡದ ಆಚೆಯಿಂದ ಹಾಡು ಕೇಳಿತು. ಅಂಟಿಗೆ ಪಂಟಿಗೆಯವರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಲಿಪಾಡ್ಯದಿಂದ ಮೂರು ರಾತ್ರಿ ಗಂಡಸರ ತಂಡ ದೇವಸ್ಥಾನದಲ್ಲಿ ಹಚ್ಚಿದ ಒಂದು ದೀಪ ಹಿಡಿದು ಮನೆಯಿಂದ ಮನೆಗೆ, ಊರಿಂದ ಊರಿಗೆ ನಡೆಯುತ್ತದೆ. ದೀಪ ನಡುವೆ ಆರಬಾರದು. ಮುಚ್ಚಿದ ಬಾಗಿಲ ಮುಂದೆ ನಿಂತು ಬಾಗಿಲು ತೆಗೆಯಿರಿ ಅಂತ ಹಾಡುತ್ತಾರೆ. ಒಬ್ಬಿಬ್ಬರು ಹಾಡುವುದು, ಉಳಿದವರು ಸೊಲ್ಲು ಕೊಡುವುದು. ಮನೆಯವರು ಬಾಗಿಲು ತೆಗೆದು, ಆ ದೀಪದಿಂದ ತಮ್ಮ ದೀಪ ಹಚ್ಚಿಕೊಂಡು, ಅದಕ್ಕೆ ಎಣ್ಣೆ ಹೊಯ್ಯುತ್ತಾರೆ. ಅಕ್ಕಿ, ಕಾಯಿ, ಹೋಳಿಗೆ, ದುಡ್ಡು ಕೊಡುತ್ತಾರೆ.

ನಮ್ಮ ಮನೆಯಲ್ಲಿ ಎಣ್ಣೆ ಹೊಯ್ಯುವುದು ಹೆಣ್ಣುಮಕ್ಕಳ ಕೆಲಸ. ಆ ರಾತ್ರಿ ಎದ್ದವಳು ನನ್ನ ನಾದಿನಿಯ ಮಗಳು. ಬೆಂಗಳೂರಲ್ಲಿ ಕೆಲಸ, ಪ್ರತಿ ದೀಪಾವಳಿಗೂ ಅಜ್ಜನ ಮನೆಗೇ ಬರುತ್ತಾಳೆ. ಎಣ್ಣೆ ಗಿಂಡಿ ಹಿಡಿದು ಜಗಲಿಗೆ ಬಂದಳು. ನಾನು ಬಾಗಿಲ ಸಂದಿಯಲ್ಲಿ ಅಕ್ಕಿ ಮೊರ ಹಿಡಿದು ನಿಂತಿದ್ದೆ. ದೀಪ ಹಿಡಿದವನು ಹೊಸಬ. ಪ್ರತಿ ವರ್ಷ ಅವನ ಅಪ್ಪ ಬರುತ್ತಿದ್ದ, ಮಂಡಿನೋವು ಅಂತ ಆ ವರ್ಷ ಮಗನನ್ನು ಕಳಿಸಿದ್ದ. ಗಾಳಿ ಇತ್ತು. ಹುಡುಗ ಹೆಗಲ ಕಂಬಳಿಯ ತುದಿಯನ್ನು ದೀಪಕ್ಕೆ ಮರೆ ಹಿಡಿದ. ಇವಳು ಎಣ್ಣೆ ಹೊಯ್ಯಲು ಬಗ್ಗಿದಳು. ಅವನೂ ಬಗ್ಗಿದ. ಕಂಬಳಿಯ ಒಳಗೆ ಎರಡು ಮುಖ, ನಡುವೆ ಒಂದು ಬತ್ತಿ. ಎಣ್ಣೆ ಸುರಿಯುವುದು ನಿಂತ ಮೇಲೂ ಗಿಂಡಿ ಹಾಗೇ ಇತ್ತು. ಹಿಂದೆ ಇದ್ದವರು ಸೊಲ್ಲು ಎತ್ತಿಕೊಂಡರು. ಗಿಂಡಿ ಮೇಲೆದ್ದಿತು. ಎಲ್ಲ ಸೇರಿ ಉಸಿರು ಬಿಟ್ಟು ಎಳೆದುಕೊಳ್ಳುವಷ್ಟು ಹೊತ್ತು.

ಆಮೇಲೆ ಆ ದೀಪದಿಂದ ಹಚ್ಚಿಕೊಂಡ ನಮ್ಮ ದೀಪ ಒಳಗೆ ದೇವರ ಕೋಣೆಗೆ ಹೋಯಿತು. ತಂದವರು ಜಗಲಿಯಲ್ಲೇ ನಿಂತು ಹೋಳಿಗೆ ತಿಂದು ಹೋದರು. ನಮ್ಮ ಮನೆಯಲ್ಲಿ ಅದು ಮೊದಲಿನಿಂದ ನಡೆದು ಬಂದದ್ದು. ಬೆಂಕಿಗೆ ಜಾತಿ ಇಲ್ಲ, ಹಿಡಿದ ಕೈಗೆ ಇದೆ. ಅಷ್ಟು ವರ್ಷ ನೋಡಿದ್ದರೂ ಅದು ನನ್ನ ಕಣ್ಣಿಗೆ ಬಿದ್ದದ್ದು ಆ ರಾತ್ರಿಯೇ. ಹಾಲಿನ ಪುಸ್ತಕದಲ್ಲಿ ಅವತ್ತು ಒಂದು ಸಾಲಲ್ಲ, ಎರಡು ಪುಟ ಬರೆದೆ.

ಬರೆದೆ, ಆದರೆ ಕಥೆ ಮಾಡಲಿಲ್ಲ. ನನ್ನದೊಂದು ನಿಯಮ ಇದೆ. ಕಣ್ಣಾರೆ ಕಂಡದ್ದನ್ನು ಎರಡು ಮಳೆಗಾಲ ಮುಟ್ಟುವುದಿಲ್ಲ, ಮೂರನೆಯದರಲ್ಲಿ ತೆಗೆಯುತ್ತೇನೆ. ಇದು ಕಷ್ಟಪಟ್ಟು ಕಲಿತದ್ದು. ಒಮ್ಮೆ ಊರಿನ ಒಂದು ಮದುವೆಯ ಮಾತುಕತೆಯನ್ನು ಅದೇ ವರ್ಷ ಕಥೆ ಮಾಡಿದ್ದೆ. ಹೆಸರು ಬದಲಿಸಿದ್ದೆ, ಊರು ಬದಲಿಸಿದ್ದೆ, ಹುಡುಗನ ಸ್ಕೂಟರನ್ನು ಬೈಕ್ ಮಾಡಿದ್ದೆ. ಏನು ಪ್ರಯೋಜನ? ಹುಡುಗಿಯ ಅಮ್ಮ ಬಾಳೆಕಾಯಿ ಚಿಪ್ಸ್ ತಟ್ಟೆಯನ್ನು ಮೂರು ಸಲ ಒಳಗೆ ತೆಗೆದುಕೊಂಡು ಹೋಗಿ ಮೂರು ಸಲ ತಂದದ್ದನ್ನು ಹಾಗೇ ಬಿಟ್ಟಿದ್ದೆ. ಅದೊಂದೇ ಸಾಕಾಯ್ತು. ಇಡೀ ಊರು ಗುರುತು ಹಿಡಿಯಿತು. ಆ ಮನೆಯವರು ಒಂದು ವರ್ಷ ನಮ್ಮ ಮನೆ ನೀರು ಮುಟ್ಟಲಿಲ್ಲ. ಜನ ಗುರುತು ಹಿಡಿಯುವುದು ಹೆಸರಿನಿಂದಲ್ಲ, ತಟ್ಟೆಯಿಂದ. ಬದಲಿಸುವುದಾದರೆ ತಟ್ಟೆ ಬದಲಿಸಬೇಕು. ಆದರೆ ತಟ್ಟೆ ಬದಲಿಸಿದರೆ ಕಥೆ ಸಾಯುತ್ತದೆ. ಅದಕ್ಕೇ ಕಾಯುವುದು. ಅಂದ ಹಾಗೆ ಪಾತ್ರಗಳ ಹೆಸರನ್ನು ನಾನು ತುಳಸಿ ಪೂಜೆ ಆದಮೇಲೆ ಬರುವ ಲಗ್ನಪತ್ರಿಕೆಗಳಿಂದ ಆರಿಸಿಕೊಳ್ಳುತ್ತೇನೆ. ವಧುವಿನ ಹೆಸರು ಒಂದು ಕಾಗದದ್ದು, ವರನ ಹೆಸರು ಇನ್ನೊಂದರದ್ದು. ಯಾರೂ ಕೇಳಲಾಗದು.

ಈ ನಾದಿನಿಯ ಮಗಳೇ ನನ್ನ ಕಟು ವಿಮರ್ಶಕಿ. 2023ರ ಹಬ್ಬದಲ್ಲಿ ಕಡುಬಿಗೆ ಎಲೆ ಸುತ್ತುತ್ತಾ ಕೂತಿದ್ದೆವು. ಇದ್ದಕ್ಕಿದ್ದ ಹಾಗೆ ಕೇಳಿದಳು.

"ಅತ್ತೆ, ನಿಮ್ಮ ಹನ್ನೊಂದು ಕಾದಂಬರೀಲಿ ಎಷ್ಟು ಹುಡುಗಿಯರು ಕೆಲಸ ಬಿಟ್ಟಿದಾರೆ ಗೊತ್ತಾ?"

"ಎಂತ ಕೆಲಸ?"

"ಬ್ಯಾಂಕು, ಸಾಫ್ಟ್‌ವೇರು, ಲೆಕ್ಚರರು. ಒಂಬತ್ತು ಜನ. ಲೆಕ್ಕ ಹಾಕಿದೀನಿ. ದೀಪಾವಳಿಗೆ ಊರಿಗೆ ಬರ್ತಾರೆ, ತೋಟದ ಹುಡುಗನ್ನ ನೋಡ್ತಾರೆ, ರಾಜೀನಾಮೆ ಕೊಡ್ತಾರೆ."

"ಇಲ್ಲಿ ತೋಟದ ಹುಡುಗರಿಗೆ ಹೆಣ್ಣು ಸಿಗ್ತಾ ಇಲ್ಲ ಕಣೇ. ಮೂವತ್ತೈದು, ನಲವತ್ತು ಆದರೂ ಹಾಗೇ ಇದಾರೆ."

"ಅದಕ್ಕೆ ನಿಮ್ಮ ನಾಯಕಿಯರು ಸಬ್ಸಿಡಿನಾ?"

ನಗು ಬಂತು. ರಾತ್ರಿ ನಿದ್ದೆ ಬರಲಿಲ್ಲ. ನಿಜವೇ. ಮಲೆನಾಡಿನಲ್ಲಿ ಹೆಣ್ಣು ಸಿಗದ ಹುಡುಗರ ಮನೆಗಳು ನನಗೆ ಗೊತ್ತು. ಹಬ್ಬದ ದಿನ ಆ ಮನೆಗಳಲ್ಲಿ ವಯಸ್ಸಾದ ತಾಯಿ ಒಬ್ಬರೇ ಒಲೆ ಮುಂದೆ ಕೂತಿರುತ್ತಾರೆ. ಅವರ ಸಂಕಟಕ್ಕೆ ನಾನು ಕಥೆಯಲ್ಲಿ ಪರಿಹಾರ ಕೊಡುತ್ತಿದ್ದೆ, ಬೇರೆಯವರ ಮಕ್ಕಳ ಸಂಬಳದಲ್ಲಿ. ಅದರ ಮುಂದಿನ ಕಾದಂಬರಿಯಲ್ಲಿ ನಾಯಕಿ ಕೆಲಸ ಬಿಡಲಿಲ್ಲ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬರುತ್ತಾಳೆ, ಭಾನುವಾರ ರಾತ್ರಿ ಹೋಗುತ್ತಾಳೆ. ಕೊಯ್ಲು ಇಲ್ಲದ ತಿಂಗಳು ಅವನೇ ಹೋಗುತ್ತಾನೆ. ಬಸ್ಸಿನ ನಿದ್ದೆಗೆಟ್ಟ ಮುಖದಲ್ಲಿ ಒಬ್ಬರನ್ನೊಬ್ಬರು ನೋಡುತ್ತಾರೆ. ಆ ಕಾದಂಬರಿಗೆ ಬಂದಷ್ಟು ಆಕ್ಷೇಪ ಯಾವುದಕ್ಕೂ ಬರಲಿಲ್ಲ. "ಇದೆಂತ ಸಂಸಾರ?" ಅಂತ ಒಬ್ಬರು ಬರೆದಿದ್ದರು. ಆದರೆ ಬೆಂಗಳೂರಿನ ಹುಡುಗಿಯರು ಓದಿ ಅವರ ಅಮ್ಮಂದಿರಿಗೆ ಕೊಟ್ಟರಂತೆ. ಅದು ನನಗೆ ಹೊಸದು. ಇಷ್ಟು ವರ್ಷ ಅಮ್ಮಂದಿರು ಓದಿ ಮಕ್ಕಳಿಂದ ಮುಚ್ಚಿಡುತ್ತಿದ್ದರು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ, ಇದ್ದರಲ್ಲವೇ ಹೇಳುವುದು. ವಿಶೇಷಾಂಕದ ಗೌರವಧನದಲ್ಲಿ ಅತ್ತೆಗೊಂದು ಸೀರೆ, ಮನೆಗೆ ಹಬ್ಬದ ದಿನಸಿ ಆಗುತ್ತದೆ. ಚೆಕ್ಕು ಬರುವುದು ಹಬ್ಬ ಕಳೆದ ಮೇಲೆ, ಹಾಗಾಗಿ ಸೀರೆ ಸಾಲದ್ದು. ಪುಸ್ತಕ ಮಾಡುವವರು ಕಥೆ ಏನು ಅಂತ ಕೇಳುವುದಿಲ್ಲ, "ಎಷ್ಟು ಫಾರಂ ಆಗತ್ತೆ?" ಅನ್ನುತ್ತಾರೆ. ಹದಿನಾರು ಪುಟಕ್ಕೆ ಒಂದು ಫಾರಂ. ಹನ್ನೆರಡು ಫಾರಂ, ಅಂದರೆ 192 ಪುಟ ಮೀರಿದರೆ ಮುಖ ಗಂಟಾಗುತ್ತದೆ. ನನ್ನ ನಾಯಕ ನಾಯಕಿ ಎಷ್ಟೋ ಸಲ ರಾಜಿಯಾದದ್ದು ಫಾರಂ ಮುಗಿದದ್ದಕ್ಕೆ. ಒಬ್ಬ ಪ್ರಕಾಶಕರು ಎರಡು ಪುಸ್ತಕದ ರಾಯಲ್ಟಿಗೆ ಪುಸ್ತಕಗಳನ್ನೇ ಕೊಟ್ಟರು. ನಾದಿನಿಯರಿಗೆಲ್ಲ ಹಂಚಿದೆ. ಈಗ ಆನ್‌ಲೈನಿನಲ್ಲೂ ಧಾರಾವಾಹಿ ಹಾಕುತ್ತೇನೆ. ಕಂತು ಬಂದ ಅರ್ಧ ಗಂಟೆಗೆ ಜಗಳ ಶುರುವಾಗಿರುತ್ತದೆ. ಓದಬೇಕೆಂದರೆ ಗುಡ್ಡ ಹತ್ತಬೇಕು.

2025ರ ಜುಲೈ. ಮೂರನೇ ಮಳೆಗಾಲ. ಸಂಪಾದಕರ ಫೋನ್ ಬಂತು, ಎರಡು ಸಾವಿರ ಪದ. 2022ರ ಹಾಲಿನ ಪುಸ್ತಕ ತೆಗೆದೆ. ಆ ಎರಡು ಪುಟ ಇತ್ತು. ಒಂದು ಗೆದ್ದಲು ಗೆರೆ ನಡುವೆ ಹಾದಿತ್ತು, ಆದರೂ ಓದಬಹುದಿತ್ತು. ನಾಲ್ಕು ದಿನ ಕೂತು ಬರೆದೆ. ಗ್ರಹಣ ತೆಗೆದೆ, ಅಪ್ಪನ ಮಂಡಿನೋವು ತೆಗೆದೆ. ಹುಡುಗನಿಗೆ ಪಂಪ್ ರಿಪೇರಿ ಅಂಗಡಿ ಇಟ್ಟುಕೊಟ್ಟೆ. ಕಂಬಳಿ ಮಾತ್ರ ಉಳಿಸಿಕೊಂಡೆ. ದೀಪ ಒಳಗೆ ಹೋಗುವುದು, ಹುಡುಗ ಹೊರಗೆ ಉಳಿಯುವುದು ಅದನ್ನೂ ಉಳಿಸಿದೆ. ಸಂಪಾದಕರು ಏನನ್ನುತ್ತಾರೋ ನೋಡೋಣ ಅಂತ. ನಡುವಿನ ದೃಶ್ಯ ಹೀಗಿತ್ತು: ಅವಳು ಬಗ್ಗುತ್ತಾಳೆ, ಅವನು ದೀಪದ ಮೇಲಿನಿಂದ ಅವಳನ್ನೇ ನೋಡುತ್ತಾನೆ, ಅವಳು ಕಣ್ಣು ತಗ್ಗಿಸುತ್ತಾಳೆ.

ಕಳಿಸುವ ಮುಂಚೆ ಯಾಕೋ ಮನಸ್ಸು ತಡೆಯಲಿಲ್ಲ. ಮಳೆ ಸ್ವಲ್ಪ ಹೊಳವಾದಾಗ ಕೊಡೆ ಹಿಡಿದು ಬಂಡೆ ಹತ್ತಿ ನಾದಿನಿಯ ಮಗಳಿಗೆ ಫೋನ್ ಮಾಡಿದೆ. ಹೀಗೊಂದು ರಾತ್ರಿ, ಹೀಗೆ ನೋಡಿದ್ದೆ, ಬರೆದಿದ್ದೇನೆ, ನಿನಗೆ ಬೇಡ ಅಂದರೆ ಕಳಿಸುವುದಿಲ್ಲ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಸಿಗ್ನಲ್ ಹೋಯ್ತು ಅಂದುಕೊಂಡೆ.

"ಓದಿ ಅತ್ತೆ" ಅಂದಳು.

ಬಂಡೆಯ ಮೇಲೆ ಕೊಡೆಯಡಿ ನಿಂತು ಓದಿದೆ. ಅವನು ನೋಡುವ ಸಾಲಿಗೆ ಬಂದಾಗ ತಡೆದಳು.

"ಅವನು ನೋಡ್ಲೇ ಇಲ್ಲ ಅತ್ತೆ. ದೀಪ ಆರಬಾರ್ದು ಅಂತ ದೀಪಾನೇ ನೋಡ್ತಾ ಇದ್ದ, ಉಸಿರು ಬಿಗಿಹಿಡಿದು. ನೋಡಿದ್ದು ನಾನು."

ಮತ್ತೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. "ಬದಲಿಸಿ ಕಳಿಸಿ" ಅಂದಳು. ಕೆಳಗಿಳಿಯುವಾಗ ಮತ್ತೆ ಮಳೆ ಹಿಡಿಯಿತು. ಹಾಳೆ ಒದ್ದೆಯಾಗಿ ಆ ಪುಟ ಓದಲಾಗದ ಹಾಗಾಯಿತು. ಬಚ್ಚಲೊಲೆಯ ಮೇಲಿನ ಹಗ್ಗದಿಂದ ಒಣಗಿದ ಹಾಳೆ ಒಂದು ತೆಗೆದುಕೊಂಡು, ಅವಳು ಬಗ್ಗುವಲ್ಲಿಂದ ಮತ್ತೆ ಬರೆಯಲು ಕೂತೆ.